ಅಂಗೈಯಲ್ಲಿ ಕಂಡವನು

ಇಟಗಿ, ಬಹುಧಾನ್ಯ ಸಂವತ್ಸರದ ಶ್ರಾವಣ

ಚಿ. ನೀಲವ್ವಗೆ ಸೋದರತ್ತೆಯ ಆಶೀರ್ವಾದ.

ನಿನ್ನ ಪತ್ರವನ್ನು ನಿನ್ನಪ್ಪನೇ ತಂದುಕೊಟ್ಟ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ರೊಟ್ಟಿ ಹೊತ್ತಿತು. ಅಂಗೈಯ ಲಿಂಗ ನೋಡುತ್ತ ಕೂತರೆ ಗಾಣದ ಮನೆಯ ಅಂದಪ್ಪನೇ ಕಾಣುತ್ತಾನೆ, ಆ ಪಾಪಕ್ಕೆ ಪೂಜೆ ಬಿಟ್ಟೆ, ಪೂಜೆಯಿಲ್ಲದೆ ಉಣ್ಣಬಾರದೆಂದು ಮೂರು ದಿನದಿಂದ ಊಟವನ್ನೂ ಬಿಟ್ಟೆ ಎಂದಿದ್ದೀ. ನಿನ್ನಪ್ಪನೋ, "ನಮ್ಮ ನೀಲಿ ಶ್ರಾವಣದ ಉಪಾಸ ಹಿಡದಾಳ, ಶರಣಿ ಆಗ್ಯಾಳ!" ಎಂದು ನಮ್ಮ ಓಣಿಗೆಲ್ಲ ಸಾರಿದ. ನಗು ತಡೆಯಲು ಸೆರಗು ಕಚ್ಚಿಕೊಂಡೆ.

ಮಗಳೇ, ಹದಿನಾರಕ್ಕೆ ನನ್ನ ಅಂಗೈಯಲ್ಲೂ ಒಬ್ಬ ಬಂದು ಕೂತಿದ್ದ. ಅವನು ನಿನ್ನ ಮಾವನಲ್ಲ. ಅವನ ಮೇಲೂ ಒಂದು ಪತ್ರಿ ಏರಿಸಿ, ಪೂಜೆ ಮುಗಿಸಿ, ಹೊಟ್ಟೆ ತುಂಬ ಉಂಡೆ. ಈ ನಲವತ್ತು ವರ್ಷ ಲಿಂಗ ನನ್ನ ಮೇಲೆ ಮುನಿದಿಲ್ಲ.

ಸೋಮವಾರ ಕುಷ್ಟಗಿಗೆ ಬರುತ್ತೇನೆ. ಅಂದಪ್ಪನ ಮಾತು ನಾನೇ ತೆಗೆಯುತ್ತೇನೆ. ಅವನೂ ಲಿಂಗ ಕಟ್ಟಿದವನೇ. ಒಳಪಂಗಡ ಬೇರೆ ಎಂದು ನಿನ್ನಪ್ಪ ಕೂಗಾಡುತ್ತಾನೆ, ಕೂಗಲಿ. ಆದರೆ ನಿತ್ರಾಣದಿಂದ ಬಿದ್ದವಳ ಪರ ನಾನು ಜಗಳವಾಡಲಾರೆ. ಕಳಿಸಿದ ಹೋಳಿಗೆಯನ್ನು ಇವತ್ತೇ ತಿನ್ನು.

ಈ ಪತ್ರವೂ ನಿನ್ನಪ್ಪನ ಕೈಯಲ್ಲೇ ಬರುತ್ತಿದೆ. ಅವನಿಗೆ ಓದು ಬಾರದು. "ಯಕ್ಕಾ, ಏನ್ ಬರದೀಬೇ ಇಷ್ಟುದ್ದ?" ಎಂದು ಕೇಳಿದ.

"ಪೂಜಿ ಬಿಡಬ್ಯಾಡ ಅಂತ ಬರದೀನೋ ತಮ್ಮಾ," ಎಂದೆ.

ಸುಳ್ಳೇನೂ ಹೇಳಲಿಲ್ಲ.

ನೀನು ಉಂಡ ಸುದ್ದಿಯ ದಾರಿ ನೋಡುವ,
ಕಳಕಮ್ಮ