ಹೊಳೆಗಿಳಿದ ಆನೆಗೆ ಎರಡು ಕಾನೂನು

ಆಟದ ನಿಯಮಪತ್ರ ಅಚ್ಚು ಹಾಕಿಸುವ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ತಮ್ಮ ಕಾರ್ಖಾನೆಯ ಕೋಟೆ ಆಟದ ಹದಿನಾಲ್ಕನೆಯ ನಿಯಮವನ್ನು ತಾವು ಯಾರಿಗೂ ಹೇಳದೆ ಬದಲಾಯಿಸಿದ್ದೀರಿ. ಅದರಿಂದ ಆದೋನಿಯಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯನಿಗೆ ಮೋಸಗಾರನೆಂಬ ಹೆಸರು ಬಂದಿದೆ. ಹೆಸರಿಟ್ಟವನು ನಾನು. ಇಡುವಂತೆ ಮಾಡಿದವರು ತಾವು.

೧೯೭೯ರಲ್ಲಿ ನಾನು ಕೊಂಡ ಪೆಟ್ಟಿಗೆಯ ನಿಯಮದಂತೆ, ಮಣೆಯ ಮೇಲಿನ ಹೊಳೆಗಿಳಿದ ಆನೆ ಸರದಿಗೆ ಒಂದೇ ಮನೆ ನಡೆಯಬೇಕು. ಎದುರಿಗೆ ಕಾಲಾಳು ನಿಂತಿದ್ದರೆ ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ, ಸರದಿ ಬಿಡುವಂತೆಯೂ ಇಲ್ಲ. ಹಾಗಾದರೆ ಆನೆ ಏನು ಮಾಡಬೇಕು, ಸ್ವಾಮಿ? ನಾಗಲದಿನ್ನೆಯ ಎಮ್ಮೆ ಕೂಡ ತುಂಗಭದ್ರೆಗೆ ಇಳಿದರೆ ತಾನೇ ಎದ್ದು ಬರುತ್ತದೆ. ಇದನ್ನೇ ಕೇಳಿ ಮೂರು ಪತ್ರ ಬರೆದೆ. ಮೂರನೆಯದಕ್ಕೆ ತಮ್ಮಿಂದ ಅಚ್ಚಾದ ಕಾರ್ಡು ಬಂತು: ‘ನಮ್ಮ ಆಟದಲ್ಲಿ ದೋಷವಿಲ್ಲ. ಆಡಿ ಆನಂದಿಸಿರಿ.’ ದೇವರ ಸೃಷ್ಟಿಯಲ್ಲೂ ಒಂದೆರಡು ದೋಷ ಕಾಣುವ ನಾನು ಆ ಕಾರ್ಡಿಗೆ ಕೈಮುಗಿದು ಸುಮ್ಮನಾದೆ.

ಈಗ ನಮ್ಮ ಊರಿನ ಪದ್ಧತಿ ಕೇಳಿ. ಗುಪ್ತ ನಡೆಯನ್ನು ಚೀಟಿಯಲ್ಲಿ ಬರೆಯಿರಿ ಎನ್ನುತ್ತೀರಿ. ನಾವು ಬರೆಯುವುದಿಲ್ಲ. ಹತ್ತಿ ವ್ಯಾಪಾರದಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ದರ ಹೇಳುವಂತೆ, ಎಷ್ಟು ಮನೆ ನಡೆಯುತ್ತೇವೆಂದು ನಡುವೆ ಕೂತವನ ಕೈಯಲ್ಲಿ ಬೆರಳಿಡುತ್ತೇವೆ. ಟವಲಿನ ಕೆಳಗೆ ಕೊಟ್ಟ ಮಾತನ್ನು ಇಲ್ಲಿ ಯಾರೂ ತಪ್ಪುವುದಿಲ್ಲ. ತಪ್ಪಿದವನ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ.

ಹೋದ ಶ್ರಾವಣದ ಒಂದು ಭಾನುವಾರ ಇಪ್ಪತ್ತು ವರ್ಷಗಳಿಂದ ನನ್ನ ಗೆಳೆಯನಾದ ಹತ್ತಿ ವ್ಯಾಪಾರಿ ಚಂದ್ರಣ್ಣ ನನ್ನೆದುರು ಕೂತಿದ್ದ. ನಡುವೆ ದಲಾಲಿ ರೇವಣಸಿದ್ದಯ್ಯನವರು. ಚಂದ್ರಣ್ಣನ ಆನೆ ಹೊಳೆಯಲ್ಲಿತ್ತು. ರೇವಣಸಿದ್ದಯ್ಯನವರು ಟವಲು ತೆಗೆದು ಮೂರು ಎಂದರು. ಆನೆ ನನ್ನ ಕಾಲಾಳನ್ನು ದಾಟಿ ಕೋಟೆಗೆ ಹೋಯಿತು. ಹೊಳೆಯಲ್ಲಿ ಮೂರು ಮನೆ ಎಲ್ಲಿಂದ ಬಂತು? ನಿಯಮದಂತೆ ಅವನು ಒಂದೇ ಬೆರಳು ಕೊಟ್ಟಿರಬೇಕಲ್ಲ! ನನಗೆ ತಲೆ ಕೆಟ್ಟಿತು. ಹತ್ತು ಜನ ವ್ಯಾಪಾರಿಗಳ ಮುಂದೆ, ‘ಟವಲ್ ಕೆಳಗ ಬೆರಳು ಬದ್ಲಿ ಮಾಡೀರಿ, ಇಬ್ರೂ ಕೂಡಿ’ ಎಂದುಬಿಟ್ಟೆ. ಚಂದ್ರಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದ.

ಎಂಟು ದಿನದ ನಂತರ ಅವನ ಹೆಂಡತಿ ಗುರುಶಾಂತಮ್ಮ ತಮ್ಮ ಮನೆಯ ಆಟದ ನಿಯಮಪತ್ರ ಕಳಿಸಿದರು. ತನ್ನ ಹಳೆಯ ನಿಯಮಪತ್ರದ ಮೇಲೆ ಚಹಾ ಚೆಲ್ಲಿದ್ದಕ್ಕೆ ಚಂದ್ರಣ್ಣ ಗುಂತಕಲ್ಲಿನಲ್ಲಿ ಹೊಸ ಪೆಟ್ಟಿಗೆ ಕೊಂಡಿದ್ದನಂತೆ. ಅದೇ ಬಣ್ಣ, ಅದೇ ಹದಿನಾಲ್ಕನೆಯ ನಿಯಮ. ಆದರೆ ಆನೆ ಮೂರು ಮನೆ ನಡೆಯಬಹುದು, ಕಾಲಾಳನ್ನು ದಾಟಬಹುದು! ನಾನು ಮೂರನೆಯ ಪತ್ರದಲ್ಲಿ ಸೂಚಿಸಿದ್ದ ತಿದ್ದುಪಡಿಯೇ ಅದು, ಮಾನ್ಯರೇ. ಇಲ್ಲದ ದೋಷವನ್ನು ತಿದ್ದಿದ ತಮ್ಮ ಔದಾರ್ಯ ದೊಡ್ಡದು. ಒಂದು ತಾರೀಖು, ‘ತಿದ್ದಲಾಗಿದೆ’ ಎಂಬ ಒಂದು ಸಾಲು ಹಾಕಲು ಶಾಯಿ ಸಾಲಲಿಲ್ಲವೇ? ನನ್ನ ಮಾತನ್ನು ಕೇಳಿ, ಕೇಳಿದ್ದನ್ನು ನನಗೇ ಹೇಳಲಿಲ್ಲ.

ನಾನೇ ಮಾರುಕಟ್ಟೆಗೆ ಹೋಗಿ ಆ ವ್ಯಾಪಾರಿಗಳೆಲ್ಲರೆದುರು ತಪ್ಪೊಪ್ಪಿಕೊಂಡೆ. ಗೆಳೆಯನನ್ನು ಉಳಿಸಲು ನಾನು ಸುಳ್ಳು ಹೇಳುತ್ತಿದ್ದೇನೆ ಎಂದರು. ಹಳೆಯದು, ಹೊಸದು, ಎರಡೂ ನಿಯಮಪತ್ರಗಳನ್ನು ತೋರಿಸಿದೆ. ಯಾವುದು ಖರೆ ಎಂದು ಕೇಳಿದರು. ಎರಡರ ಮೇಲೂ ತಾರೀಖಿರಲಿಲ್ಲ. ಇಪ್ಪತ್ತು ವರ್ಷ ನನ್ನನ್ನು ‘ಲೇ ಮಾಧವ’ ಎಂದು ಕರೆದ ಚಂದ್ರಣ್ಣ, ತಲೆ ತಗ್ಗಿಸಿಕೊಂಡೇ, ‘ನೀವು ಓದಿದೋರದೀರಿ. ನಾಳೆ ಮಾರ್ಕೆಟ್ನಾಗ ನನ್ನ ಕೈ ಯಾರು ಹಿಡೀತಾರ, ಅದಷ್ಟು ಹೇಳ್ರಿ’ ಎಂದ. ಆ ‘ನೀವು’ ನನಗೆ ಇನ್ನೂ ಅರಗಿಲ್ಲ.

ಆದ್ದರಿಂದ ಇನ್ನು ಮುಂದೆ ಪ್ರತಿ ನಿಯಮಪತ್ರದ ಮೇಲೆ ತಾರೀಖು ಹಾಕಿಸಿ. ಏನು ಕೆಟ್ಟಿತ್ತು, ಏನು ತಿದ್ದಿದಿರಿ ಎಂದು ಬಾಯಿಬಿಟ್ಟು ಹೇಳಿ. ಅದಕ್ಕೂ ಮೊದಲು, ಆದೋನಿಯ ಹತ್ತಿ ಮಾರುಕಟ್ಟೆಯ ಗೋಡೆಗೆ ಅಂಟಿಸಲು, ತಮ್ಮ ಮೊಹರು ಒತ್ತಿದ ಒಂದು ಕಾಗದ ಕಳಿಸಿ. ಅದರಲ್ಲಿ ಇಷ್ಟೇ ಇರಲಿ: ‘ದೋಷ ನಮ್ಮದು. ಚಂದ್ರಣ್ಣ ಕೊಟ್ಟದ್ದು ಮೂರು ಬೆರಳೇ.’

ಇಂತಿ,
ತಮ್ಮ ದೋಷವಿಲ್ಲದ ಆಟದ ಮುಂದೆ ಭಾನುವಾರಗಳಲ್ಲಿ ಒಬ್ಬನೇ ಕೂರುವ
ಸೇತುಮಾಧವ, ಆದೋನಿ