ಹಸಿ ಹಾಸು, ಅರ್ಧ ಚಹಾ

ಪ್ರಾರ್ಥನೆ ಮುಗಿಯುವುದೇ ತಡ ಚಹಾ ಕೇಳುತ್ತಿದ್ದ ನನ್ನಪ್ಪನಿಗೆ,

ನಿನಗೊಂದು ಸುದ್ದಿ ಹೇಳಬೇಕು. ಮುಧೋಳದಿಂದ ಬನಹಟ್ಟಿಯವರೆಗೂ ಬಸ್ಸಿನಲ್ಲಿ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬಂದೆ. ಒಬ್ಬಳೇ ನಗುತ್ತಿದ್ದೆನೇನೋ, ಪಕ್ಕದ ಹೆಂಗಸು ಎರಡು ಸಲ ತಿರುಗಿ ನೋಡಿದಳು. ಆದರೆ ಮೊದಲು ಆ ಹಾಸಿನ ವಿಷಯ.

ಮರೆತಿಲ್ಲ ತಾನೇ? ನನಗಾಗ ಹದಿನೈದು. ಓಣಿಯ ಉದ್ದಕ್ಕೂ, ಮಗ್ಗಕ್ಕೆ ಏರಿಸಬೇಕಿದ್ದ ಸೀರೆಯ ಹಾಸಿನ ಉದ್ದನೆಯ ಎಳೆಗಳನ್ನು ಚಾಚಿ, ಗಂಜಿ ಹಚ್ಚಿ, ಒಣಗಲು ಬಿಟ್ಟು, ಎಂದಿನಂತೆ ಕಣ್ಣು ಮುಚ್ಚಿ ಯೇಸುವಿಗೆ ಒಪ್ಪಿಸಿ, ನೀನು ಚಹಾಕ್ಕೆ ಹೋಗಿದ್ದೆ. ಒಂದು ಮೋಡ ಬಂತು. ಮಳೆ ಬಂದೇಬಿಟ್ಟಿತು ಅಂದುಕೊಂಡೆ. ಹಸಿ ಹಾಸನ್ನೇ ಗಡಬಡಿಸಿ ಸುತ್ತಿ ಒಳಗೆ ತಂದೆ. ಮೋಡ ಜಮಖಂಡಿ ಕಡೆ ಹೋಯಿತು, ಒಂದು ಹನಿಯೂ ಬೀಳಲಿಲ್ಲ. ಸುತ್ತಿದ ಎಳೆಗಳು ಮಾತ್ರ ಒಂದಕ್ಕೊಂದು ಅಂಟಿ... ಮನೆಮಂದಿಯೆಲ್ಲ ಎರಡು ದಿನ ಕೂತು ಬಿಡಿಸಿದರೂ ಅರ್ಧ ಹರಿದೇ ಹೋಯಿತು. ನೀನು ಬೈಯಲಿಲ್ಲ.

"ಮಳಿ ಬಂದಿದ್ರ ಮತ್ತ ಗಂಜಿ ಹಚ್ಚತಿದ್ವಿ ಬೇ. ಇದನ್ನ ಕೆಡಿಸಿದ್ದು ಮಳಿ ಅಲ್ಲ, ನಿನ್ನ ಚಿಂತಿ," ಅಂದೆ ನೀನು.

ಆ ಬುದ್ಧಿ ನನಗೆ ಬಂತೇ? ಎಲ್ಲಿ ಬಂತು! ನನ್ನ ಮಗಳು ಕರುಣಾಳ ಹೃದಯದಲ್ಲಿದ್ದ ತೂತನ್ನು ಐದನೇ ವರ್ಷಕ್ಕೆ ಆಪರೇಷನ್ ಮಾಡಿ ಮುಚ್ಚಿದಾಗ, ಇನ್ನು ಈ ಹುಡುಗಿ ಎಲ್ಲರಂತೆ ಓಡಬಹುದು ಅಂದಿದ್ದರು ಡಾಕ್ಟರು. ಪ್ರತಿ ತಪಾಸಣೆಯಲ್ಲೂ ಅದೇ ಮಾತು. ನಾನು ಮಾತ್ರ ಪ್ರತಿ ಜೂನಿನಲ್ಲಿ ಶಾಲೆಗೆ ಚೀಟಿ ಬರೆದು ಅವಳನ್ನು ಆಟದಿಂದ ಬಿಡಿಸುತ್ತಿದ್ದೆ. ಪ್ರಾರ್ಥನೆಯನ್ನೇನೂ ಕಡಿಮೆ ಮಾಡಲಿಲ್ಲ. ಆಮೇನ್ ಅಂದ ಮರುಕ್ಷಣವೇ ಮತ್ತೆ ಅವಳ ಎದೆಗೆ ಕಿವಿಯಿಡುತ್ತಿದ್ದೆ. ನೀನೇ ಕಾಯಿಲೆ ಬಿದ್ದು ಮಲಗಿದಾಗಲೂ ಹೇಳಿದೆ, "ದೇವರ ಕೈಯಾಗ ಕೊಟ್ಟು ಮತ್ತ ಕಸ್ಕೋಬ್ಯಾಡವ್ವಾ. ಹುಡುಗಿ ಓಡ್ಲಿ." ನೀನು ತೀರಿಹೋದ ಮೇಲೂ ಒಂದು ಚೀಟಿ ಬರೆದೆ ಅಪ್ಪಾ. ಅದಕ್ಕೆ ನನ್ನನ್ನು ಕ್ಷಮಿಸು.

ಈ ಜೂನಿನಲ್ಲಿ ಬರೆಯಲು ಕೂತಾಗ ನಿನ್ನ ಮೊಮ್ಮಗಳು ಎದುರಿಗೆ ಬಂದು ನಿಂತಳು. ಹದಿನಾಲ್ಕು ತುಂಬಿದೆ, ಮಾತು ಥೇಟ್ ನಿನ್ನದೇ. "ಅವ್ವಾ, ನನ್ನ ಎದಿ ಛಲೋ ಐತಿ. ನಿಂದ ಹೆದರಾಕತ್ತೈತಿ."

ಪೆನ್ನು ಕೆಳಗಿಟ್ಟೆ. ನನ್ನ ಕೈಯಲ್ಲಿದ್ದದ್ದು ಮತ್ತದೇ ಹಸಿ ಹಾಸು ಎಂದು ಆಗ ಹೊಳೆಯಿತು. ಇಷ್ಟು ವರ್ಷ ಅವಳನ್ನು ಒಣಗಲೂ ಬಿಡದೆ ಸುತ್ತಿಟ್ಟಿದ್ದೆನಲ್ಲ...

ಇವತ್ತು ಮುಧೋಳದಲ್ಲಿ ಶಾಲೆಗಳ ಓಟ. ಅವಳು ಗೆರೆಯ ಮೇಲೆ ನಿಂತಾಗ ನಾನು ಹೆದರಿ ಬೇಲಿ ಹಿಡಿದುಕೊಂಡೆ. ಯೇಸುವೇ, ಇವಳು ಬಿದ್ದರೂ ನಿನ್ನವಳು, ಗೆದ್ದರೂ ನಿನ್ನವಳು ಅಂದೆ. ಅಂದು, ಕಣ್ಣೊರೆಸಿಕೊಂಡು, ಬೇಲಿ ಪಕ್ಕದ ಗಾಡಿಯಲ್ಲಿ ಒಂದು ಚಹಾ ತೆಗೆದುಕೊಂಡೆ! ಹೆದರಿಕೆ ಪೂರ್ತಿ ಹೋಗಿರಲಿಲ್ಲ, ಆದರೆ ಅದನ್ನು ಹೊರಬೇಕಾದವಳು ನಾನಲ್ಲ ಎನ್ನಿಸುತ್ತಿತ್ತು. ಸೀಟಿ ಊದಿದರು. ಅವಳು ಓಡಿದಳು ಅಪ್ಪಾ! ಎರಡು ಜಡೆ ಹಾರಿಸುತ್ತ, ಹಲ್ಲು ಕಿರಿಯುತ್ತ ಓಡಿದಳು. ಅರ್ಧ ಚಹಾ ನನ್ನ ಸೀರೆಯ ಮೇಲೆ. ನಾಲ್ಕನೆಯವಳಾದಳು, ಬಹುಮಾನ ಮೂವರಿಗೆ. ಯಾರಿಗೆ ಬೇಕಿತ್ತು ಬಹುಮಾನ? ನೇರ ನನ್ನ ಬಳಿ ಬಂದು ನನ್ನ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು. ದಡದಡ ಹೊಡೆಯುತ್ತಿತ್ತು. ಆ ಬಡಿತಕ್ಕೆ ನಾನು ಹೆದರದೆ ನಕ್ಕದ್ದು ಅದೇ ಮೊದಲು.

ಮುಂದಿನ ವಾರ ಅವಳಿಗೆ ಬೀಳಗಿಯಲ್ಲಿ ಎಂಟು ದಿನದ ಓಟದ ತರಬೇತಿ. ತಾಯಂದಿರು ಬರುವಂತಿಲ್ಲ. ಸಹಿ ಮಾಡಿಕೊಟ್ಟಿದ್ದೇನೆ. ನಿನಗೆ ಮಾತು ಕೊಡುತ್ತೇನೆ, ಬಸ್‌ಸ್ಟ್ಯಾಂಡಿನಲ್ಲಿ ಅವಳ ತಲೆಯ ಮೇಲೆ ಕೈಯಿಟ್ಟು ಒಂದೇ ಸಲ ಪ್ರಾರ್ಥಿಸುತ್ತೇನೆ. ಬಸ್ಸು ಹೊರಟ ಮೇಲೆ ಅಲ್ಲೇ ಕೂತು ಒಂದು ಚಹಾ ಕುಡಿಯುತ್ತೇನೆ, ಕೊನೆಯ ಗುಟುಕಿನವರೆಗೂ.

ನಿನ್ನ ಮಗಳು,
ಸಾರಾ