ನಿಲ್ಲಿಸೋ ಸ್ವಿಚ್ ಎಲ್ಲಿದೆ?

ಜೂನ್ 3, ಸೋಮವಾರ

ಇವತ್ತು ನನ್ನ ಗೆಳತಿ ಗುಬ್ಬಿಯ ಮಾನ ತೆಗೆದರು. ನಮ್ಮ ಐಟಿಐನ ಲೇಥ್ ತರಗತಿಯ ಎಲ್ಲರೆದುರು. ಪ್ರಿನ್ಸಿಪಾಲರು ಫೋನ್ ನೋಡಿಕೊಂಡು ಕೇಳಿದರು: "ಶನಿವಾರ ಜ್ವರ ಅಂತ ರಜೆ ಹಾಕಿ, ಮನಸ್ಸಿನ ಡಾಕ್ಟ್ರ ಕ್ಲಿನಿಕ್ಕಲ್ಲಿ ಎರಡು ಗಂಟೆ ಏನಮ್ಮ ಮಾಡ್ತಿದ್ದೆ?"

ಅವಳು ಚೀಲ ಎತ್ತಿಕೊಂಡು ಹೊರಟೇ ಹೋದಳು. ಫೋನಿನಲ್ಲಿದ್ದ ಹಾಜರಿ ಆ್ಯಪ್ ಅವಳು ಹೋದಲ್ಲೆಲ್ಲ ಹಿಂದೆ ಬಿದ್ದಿತ್ತು. ನಮ್ಮೆಲ್ಲರ ಹಿಂದೆಯೂ.

ಸಂಜೆ 6

ಬೆಳಿಗ್ಗೆ ಬರೆಯದೆ ಬಿಟ್ಟದ್ದು: ಆ ಆ್ಯಪ್ ಹಾಕಿದವಳು ನಾನು. ಕ್ಲಾಸ್ ಲೀಡರ್ ಅಲ್ಲವೆ... ಮೂವತ್ತೊಂದು ಫೋನು, ಇಪ್ಪತ್ತು ನಿಮಿಷ. ಎಲ್ಲದರಲ್ಲೂ 'ಒಪ್ಪಿದ್ದೇನೆ' ಒತ್ತಿದ್ದು ಇದೇ ಹೆಬ್ಬೆರಳು. ಪ್ರಿನ್ಸಿಪಾಲರು ಬೆನ್ನು ತಟ್ಟಿದರು, ಉಬ್ಬಿಹೋದೆ. ದಿಂಬಿನ ಕೆಳಗೆ ಖಾಸಗಿತನದ ಹಕ್ಕಿನ ಕರಪತ್ರ — ಮೂರು ಸಲ ಓದಿ ಕೆಂಪು ಗೆರೆ ಎಳೆದದ್ದು! ಥೂ.

ಜೂನ್ 4

ಮಷೀನ್ ಶುರು ಮಾಡುವ ಮೊದಲು ಲೇಥ್ ಮೇಷ್ಟ್ರ ದಿನದ ಪ್ರಶ್ನೆ: "ನಿಲ್ಲಿಸೋ ಸ್ವಿಚ್ ಎಲ್ಲಿದೆ?" ಎಲ್ಲರೂ ಬೆರಳು ತೋರಿಸಬೇಕು. ತೋರಿಸದವರು ಮಷೀನ್ ಮುಟ್ಟುವಂತಿಲ್ಲ. ಇವತ್ತು ಮೂವತ್ತೇ ಬೆರಳು.

ಹತ್ತು ದಿನ ತಪ್ಪಿದರೆ ಗುಬ್ಬಿಗೆ ಪರೀಕ್ಷೆ ಇಲ್ಲ. ಅವಳ ಮನೆಗೆ ಹೋದೆ. ಬಾಗಿಲಲ್ಲೇ ತಪ್ಪೊಪ್ಪಿಕೊಂಡೆ.

"ಗೊತ್ತು ಕಣೆ. ಫೋನ್ ಕೊಟ್ಟವಳು ನಾನೇ ತಾನೆ? ಭಾಷಣ ಬೇಡ. ಏನ್ ಮಾಡ್ತೀಯ, ಅದು ಹೇಳು."

ಭಾಷಣ ನಾಲಿಗೆ ತುದಿಯಲ್ಲೇ ಇತ್ತು. ನುಂಗಿಕೊಂಡೆ.

ಜೂನ್ 7

ಊಟದ ಬಿಡುವು. ತರಗತಿಯ ಮುಂದೆ ನಿಂತು ಹೇಳಿಬಿಟ್ಟೆ, ಕೇಳದೆ ಒತ್ತಿದ್ದೆ ಅಂತ. ಹಿಂದಿನ ಬೆಂಚಿನಿಂದ: "ಲೀಡರಮ್ಮ, ನಮ್ ಮದುವೆಗೂ ನೀನೇ ಒಪ್ಪಿಗೆ ಒತ್ತಿಬಿಡು!" ನಕ್ಕರು. ನಾನೂ.

ಆಮೇಲೆ ಆ್ಯಪಿನ ಷರತ್ತುಗಳನ್ನು ಸರದಿಯ ಮೇಲೆ ಗಟ್ಟಿಯಾಗಿ ಓದಿದೆವು. ಬಿಡುವು ಮುಗಿಯುವವರೆಗೂ ಇದೇ ಕೆಲಸ. ಹತ್ತೊಂಬತ್ತನೇ ಪುಟದಲ್ಲಿ ಸಿಕ್ಕಿತು: ಹಾಜರಿಗೆ ಲೊಕೇಶನ್ ಬೇಕಾಗಿಲ್ಲ, ಸಂಸ್ಥೆ ಬಯಸಿದರೆ ಮಾತ್ರ. ಅಂದರೆ ಯಾರೋ ಬಯಸಿದ್ದರು!

ಜೂನ್ 10

ಮೂವತ್ತು ಜನ ಪ್ರಿನ್ಸಿಪಾಲರ ಕೋಣೆಗೆ. ಲೇಥ್ ಮೇಷ್ಟ್ರು ಬಾಗಿಲಿಗೆ ಒರಗಿ ನಿಂತಿದ್ದರು. ಬರೆದುಕೊಂಡು ಹೋಗಿದ್ದ ಎರಡು ಪುಟವನ್ನು ಮಡಚಿಟ್ಟು ಒಂದೇ ಕೇಳಿದೆ.

"ಸಾರ್, ಇದನ್ನ ನಿಲ್ಲಿಸೋ ಸ್ವಿಚ್ ಎಲ್ಲಿದೆ?"

ಪ್ರಿನ್ಸಿಪಾಲರು ಫೋನಿನ ಪರದೆಯನ್ನು ಮೇಲೆ ಕೆಳಗೆ ಉಜ್ಜಿದರು. "ಅದು... ಕಂಪನಿಯವರಿಗೆ ಗೊತ್ತಿರುತ್ತೆ."

"ಹಾಗಾದ್ರೆ ಸಾರ್," ಬಾಗಿಲಿನಿಂದ ಮೇಷ್ಟ್ರು, "ನೀವೂ ಮಷೀನ್ ಮುಟ್ಟೋ ಹಾಗಿಲ್ಲ."

ಯಾರೂ ನಗಲಿಲ್ಲ. ಅದೇ ನನಗೆ ಹೆಮ್ಮೆ. ಪ್ರಿನ್ಸಿಪಾಲರು ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ: "ಆ ಹುಡುಗೀನ ಹಾಗೆ ಕೇಳಬಾರದಿತ್ತು." ಕಂಪನಿಗೆ ನಮ್ಮೆದುರೇ ಫೋನ್ ಮಾಡಿದರು. ಆ್ಯಪ್ ಮಾಡಿದವರೇ ಬರುತ್ತಾರಂತೆ. ಏನಿರಬೇಕು, ಏನಿರಬಾರದು — ನಾವು ಹೇಳಬೇಕಂತೆ. ನಾವು!

ಜೂನ್ 11

ಕಂಪನಿಯವರಿಗೆ ಮೊದಲ ಪ್ರಶ್ನೆ ಯಾರದು ಅಂತ ಜಗಳ. ಅಷ್ಟರಲ್ಲಿ ಗುಬ್ಬಿಯ ಫೋನ್.

"ನಾನೇ ಕೇಳ್ತೀನಿ. ನೀನು ಬಾಯಿ ಬಿಡ್ಬೇಡ."

"ನಿಜವಾಗ್ಲೂ ಬರ್ತೀಯಾ?"

"ಯಾವತ್ತು, ಎಷ್ಟೊತ್ತಿಗೆ? ಅಷ್ಟು ಹೇಳು."

ಗುರುವಾರ. ಮಧ್ಯಾಹ್ನ ಮೂರು ಗಂಟೆ. ಪ್ರಿನ್ಸಿಪಾಲರ ಕೋಣೆ. ಈ ಸಲ ಮೂವತ್ತೊಂದು ಜನ.